ಯಾರ ಸಂಪಾದನೆ?

ಈಚೆಗೆ ನಮ್ಮ ಕಾಲೇಜುಗಳಲ್ಲಿ ಒಂದು ಹೊಸ ಉಪದೇಶ ಶುರುವಾಗಿದೆ. ಬರೀ ಪದವಿಯ ಕಾಗದ ಹಿಡಿದುಕೊಂಡು ಬಂದರೆ ಯಾರೂ ನೌಕರಿ ಕೊಡುವುದಿಲ್ಲ; ಮೊದಲು ತಂತ್ರಜ್ಞಾನದ ಸಮುದಾಯಕ್ಕೆ ಕೊಡುಗೆ ಕೊಡಿ; ದುಡ್ಡು ಕೇಳಬೇಡಿ; ನಾಲ್ಕು ಮಂದಿ ನಿಮ್ಮ ಕೆಲಸ ನೋಡುತ್ತಾರೆ, ಹೆಸರು ಬರುತ್ತದೆ, ಹೆಸರಿನ ಬೆನ್ನಿಗೆ ನೌಕರಿ ಬರುತ್ತದೆ. ಪಟ್ಟಣದಿಂದ ಬಂದವರು ಹೀಗೆ ಹೇಳಿ ಶಾಲು ಹೊದಿಸಿಕೊಂಡು ಹೋಗುತ್ತಾರೆ. ಕೆಳಗೆ ಕೂತ ನಮ್ಮ ಹುಡುಗ ಹುಡುಗಿಯರು ಊರಿನ ಬಸ್ಸಿನ ಹೊತ್ತಾಯಿತೆಂದು ಚಡಪಡಿಸುತ್ತಲೇ ಚಪ್ಪಾಳೆ ತಟ್ಟುತ್ತಾರೆ.

ಒಂದು ಕವಿತೆ ಬಂದರೆ, ಕಾದಂಬರಿ ಬಂದರೆ, ಇದು ಯಾರ ಪರ ಎಂದು ಕೇಳುವವರು ನಾವು. ಈ ಉಪದೇಶವನ್ನೂ ಹಾಗೇ ಎತ್ತಿಕೊಂಡು ಓದಬೇಕಾಗಿದೆ.

ಗದಗಿನ ಮಗ್ಗುಲ ಅಸುಂಡಿಯಲ್ಲಿ ಒಂದು ಸಂಜೆ ನಾವು ನಾಲ್ಕೈದು ಗೆಳೆಯರು ಕೇರಿಯ ಕಟ್ಟೆಯ ಮೇಲೆ ಕೂತು ಡಿಪ್ಲೊಮಾ ಮುಗಿಸಿದ ಒಬ್ಬ ಹುಡುಗನಿಗೆ ಮೊಬೈಲಿನಲ್ಲಿ ಕನ್ನಡ ವಿಕಿಪೀಡಿಯ ತೋರಿಸುತ್ತಿದ್ದೆವು. 2003ರ ಜೂನಿನಲ್ಲಿ ಆರಂಭವಾದ ಈ ವಿಶ್ವಕೋಶದಲ್ಲಿ ಇವತ್ತು 30 ಸಾವಿರಕ್ಕಿಂತ ಹೆಚ್ಚು ಲೇಖನಗಳಿವೆ. ಬರೆದವರು ಸಂಬಳಕ್ಕೆ ಬರೆದವರಲ್ಲ. ಯಾರು ಬೇಕಾದರೂ ಒಳಗೆ ಹೋಗಿ ತಿದ್ದಬಹುದು, ಸೇರಿಸಬಹುದು. ಹಾಗೆ ತಿದ್ದುವುದಕ್ಕೆ ಒತ್ತಬೇಕಾದ ಗುಂಡಿಯ ಮೇಲೆ 'ಸಂಪಾದಿಸಿ' ಎಂದು ಬರೆದಿದೆ. ಹುಡುಗ ಅದರ ಮೇಲೆ ಬೆರಳಿಟ್ಟು ಕೇಳಿದ: "ಅಣ್ಣಾ, ಇಲ್ಲೆ ಸಂಪಾದಿಸಿ ಅಂತ ಬರದಾರಲ್ಲ, ದಿನಕ್ಕ ಎಷ್ಟ ಸಂಪಾದಸಬಹುದು?"

ನಾವೆಲ್ಲ ಬಿದ್ದು ಬಿದ್ದು ನಕ್ಕೆವು. ಹುಡುಗ ನಗಲಿಲ್ಲ. ಅವನ ಅಪ್ಪ ಅವ್ವ ಇಬ್ಬರೂ ಅವತ್ತು ಉಳ್ಳಾಗಡ್ಡಿ ಕೀಳಲು ಹೋಗಿದ್ದರು.

ಪತ್ರಿಕೆ ನಡೆಸುವವರಿಗೆ ಸಂಪಾದಿಸುವುದೆಂದರೆ ತಿದ್ದಿ ಅಚ್ಚಿಗೆ ಅಣಿಮಾಡುವುದು. ಕೂಲಿಯವನ ಮಗನಿಗೆ ಸಂಪಾದಿಸುವುದೆಂದರೆ ದುಡಿದು ನಾಲ್ಕು ಕಾಸು ತರುವುದು. ನಿಘಂಟಿನಲ್ಲಿ ಎರಡೂ ಅರ್ಥ ಇವೆ. ಯಾವ ಅರ್ಥ ಮೊದಲು ಹೊಳೆಯಬೇಕೆಂಬುದನ್ನು ಹೊಟ್ಟೆ ತೀರ್ಮಾನಿಸುತ್ತದೆ. (ಶೂನ್ಯ ಸಂಪಾದನೆ ಎಂಬ ಮಾತೂ ನಮ್ಮಲ್ಲೊಬ್ಬನ ಬಾಯಿಗೆ ಬಂತು. ಅಲ್ಲಮನ ಶೂನ್ಯವೇ ಬೇರೆ, ಈ ಹುಡುಗನ ಕಿಸೆಯ ಶೂನ್ಯವೇ ಬೇರೆ, ಎಂದು ಇನ್ನೊಬ್ಬ ಅವನ ಬಾಯಿ ಮುಚ್ಚಿಸಿದ.)

ಅವತ್ತಿನಿಂದ ನಮಗೆ ಈ ಉಪದೇಶದ ಒಂದೊಂದು ಪದವೂ ಕುಟುಕತೊಡಗಿದೆ. ಕೊಡುಗೆ ಅಂತಾರೆ. ನಮ್ಮ ಹಿರಿಯರು ಕೊಡದ ಕೊಡುಗೆ ಯಾವುದು? ಊರಿನ ಸತ್ತ ದನ ಹೊತ್ತರು. ಸುಣ್ಣದ ನೀರಿನಲ್ಲಿ ತೊಗಲು ನೆನೆಹಾಕಿ, ಕೂದಲು ಹೆರೆದು, ತಂಗಡಿ ತೊಗಟೆಯ ರಸದಲ್ಲಿ ಹದ ಮಾಡಿದರು. ಆ ತೊಗಲಿನಿಂದ ಬಾವಿಯ ಕಪಲಿಗೆ ಚೀಲ ಹೊಲಿದರು, ಮಿಣಿ ಹೆಣೆದರು, ಬಾರಕೋಲು ಮಾಡಿದರು, ಕೆರವು ಮಾಡಿದರು, ಹಲಗಿ ಬಿಗಿದರು. ಪಂಪ್‌ಸೆಟ್ಟು ಬರುವ ತನಕ ಬಾವಿಯ ತಳದ ನೀರು ಮೇಲೇರಿದ್ದು ನಮ್ಮವರು ಹೊಲಿದ ಚೀಲದಲ್ಲಿ. ತೊಗಟೆಯ ಒಗರು ತೊಗಲನ್ನು ಕೊಳೆಯಗೊಡುವುದಿಲ್ಲವೆಂಬ ರಸಾಯನಶಾಸ್ತ್ರ ಬಲ್ಲ ಜನ ಇವರು. ಇದು ತಂತ್ರಜ್ಞಾನದ ಸಮುದಾಯವಲ್ಲದೆ ಮತ್ತೇನು? ಕಲಿತದ್ದಕ್ಕೆ ಪೇಟೆಂಟು ಪಡೆಯಲಿಲ್ಲ, ಬೀಗ ಹಾಕಲಿಲ್ಲ. ಸುಗ್ಗಿಯಲ್ಲಿ ಕಣದ ಅಂಚಿಗೆ ನಿಂತು, ಸೆರಗೊಡ್ಡಿ, ಅವರು ಎಸೆದಷ್ಟು ಕಾಳನ್ನು ಆಯವೆಂದು ಕಟ್ಟಿಕೊಂಡು ಬಂದರು. ಉಳಿದದ್ದೆಲ್ಲ ಬಿಟ್ಟಿ. ಈ ಕೊಡುಗೆಗೆ ಊರು ಕೊಟ್ಟ ಮನ್ನಣೆಯ ಹೆಸರು ಮೈಲಿಗೆ.

ಹೀಗಿರುವಾಗ ಪುಕ್ಕಟೆ ದುಡಿ, ಹೆಸರು ಬರುತ್ತದೆ ಎಂಬ ಮಾತನ್ನು ನಮ್ಮ ಕೇರಿಯಲ್ಲಿ ಹೇಳುವವರು ಸ್ವಲ್ಪ ಅಳುಕಿಕೊಂಡು ಹೇಳಬೇಕು.

ಸರ್ಕಾರದ ಭಾಷೆಯನ್ನೂ ನೋಡಿ. 2022ರ ಜುಲೈನಲ್ಲಿ ಕೇಂದ್ರ ಸರ್ಕಾರ ಭಾಷಿಣಿ ಎಂಬ ಯೋಜನೆಯನ್ನು ಸಾರ್ವಜನಿಕಕ್ಕೆ ತೆರೆಯಿತು. ಭಾರತದ ನುಡಿಗಳನ್ನು ಕಂಪ್ಯೂಟರಿಗೆ ಕಲಿಸುವುದು ಅದರ ಉದ್ದೇಶ. ಒಳ್ಳೆಯ ಉದ್ದೇಶವೇ. ಯಂತ್ರಕ್ಕೆ ಕನ್ನಡ ಕಲಿಸಬೇಕಾದರೆ ಸಾವಿರಾರು ಬಾಯಿಗಳ ಕನ್ನಡ ಬೇಕು. ಅದನ್ನು ಜನರಿಂದ ಕೂಡಿಸುವ ಕಾರ್ಯಕ್ರಮಕ್ಕೆ ಇಟ್ಟ ಹೆಸರು 'ಭಾಷಾ ದಾನ'. ಓದಿ ಹೇಳಿದವರಿಗೆ, ಕೇಳಿ ಬರೆದವರಿಗೆ, ಎಷ್ಟು ಕೊಟ್ಟರೆಂಬ ಎಣಿಕೆಯ ಮೇಲೆ ಕಂಚು, ಬೆಳ್ಳಿ, ಬಂಗಾರದ ಗುರುತು. ದಾನ! ಈ ದೇಶದ ಪುರಾಣಗಳಲ್ಲಿ, ಶಾಸನಗಳಲ್ಲಿ ದಾನ ತೆಗೆದುಕೊಂಡವರು ಯಾರು, ದಾನದ ಹಳ್ಳಿಗಳಲ್ಲಿ ದುಡಿದವರು ಯಾರು ಎಂಬುದನ್ನು ರೈತನ ಮಗನಿಗೂ ಹೊಲೆಯನ ಮಗನಿಗೂ ಯಾರೂ ಬಿಡಿಸಿ ಹೇಳಬೇಕಿಲ್ಲ. ಇರುವವನು ಕೊಟ್ಟರೆ ಅದು ದಾನ. ಇಲ್ಲದವನಿಂದ ಪಡೆದದ್ದಕ್ಕೆ ಹಳೆಯ ಕನ್ನಡದಲ್ಲೇ ಬೇರೆ ಮಾತಿದೆ.

ಇದಕ್ಕೆ ಅವರ ಉತ್ತರ ನಮಗೆ ಗೊತ್ತು. ತಂತ್ರಜ್ಞಾನಕ್ಕೆ ಜಾತಿಯಿಲ್ಲ, ಕಂಪ್ಯೂಟರ್ ಯಾರ ಕುಲವನ್ನೂ ಕೇಳುವುದಿಲ್ಲ, ಪ್ರತಿಭೆ ಇದ್ದವನು ಮೇಲೆ ಬರುತ್ತಾನೆ. ಎಲ್ಲೋ ಕೇಳಿದ ದನಿ ಇದು ಎನಿಸುವುದಿಲ್ಲವೇ? 1979ರಲ್ಲಿ ಧರ್ಮಸ್ಥಳದ ಸಾಹಿತ್ಯ ಸಮ್ಮೇಳನದಲ್ಲಿ ದಲಿತ ಸಾಹಿತ್ಯಕ್ಕೆ ಒಂದು ಗೋಷ್ಠಿ ಕೊಡಿ ಎಂದು ಕೇಳಿದಾಗ ಬಂದ ಉತ್ತರವೂ ಇದೇ ಧಾಟಿಯದು: ಸಾಹಿತ್ಯದಲ್ಲಿ ಅಂಥ ಭೇದವಿಲ್ಲ. ಭೇದ ಇಲ್ಲವೆಂದವರ ಪಂಕ್ತಿಯಲ್ಲಿ ನಮಗೆ ಎಲೆ ಹಾಕಿರಲಿಲ್ಲ, ಅಷ್ಟೆ. ಅದೇ ಮಾರ್ಚಿನಲ್ಲಿ ಬೆಂಗಳೂರಿನಲ್ಲಿ ಬಂಡಾಯ ಸಾಹಿತಿಗಳು ಸೇರಿದ್ದು ಈ ಉತ್ತರದಿಂದ.

ಪ್ರೋಗ್ರಾಂ ಬರೆಯುವವರು ತಮ್ಮ ಕೆಲಸವನ್ನು ಬಹಿರಂಗವಾಗಿ ಇಡುವ ಗಿಟ್‌ಹಬ್ ಎಂಬ ಒಂದು ತಾಣವಿದೆ. ಅಲ್ಲಿ ಪ್ರತಿಯೊಬ್ಬರ ಹೆಸರಿನ ಕೆಳಗೆ ವರ್ಷದ ದಿನಕ್ಕೊಂದರಂತೆ ಸಣ್ಣ ಸಣ್ಣ ಚೌಕಗಳು. ಕೆಲಸ ಮಾಡಿದ ದಿನದ ಚೌಕ ಹಸಿರು. ಮಾಡದ ದಿನದ್ದು ಖಾಲಿ. ಕೆಲಸಕ್ಕೆ ಆರಿಸುವ ಕಂಪನಿಯವರಲ್ಲಿ ಈ ಹಸಿರನ್ನು ನೋಡಿ ಮನುಷ್ಯನನ್ನು ಅಳೆಯುವವರೂ ಇದ್ದಾರೆ. ಈಗ ಅಸುಂಡಿಯ ನಮ್ಮ ಹುಡುಗನ ವರ್ಷವನ್ನು ಇಲ್ಲಿ ಇಟ್ಟು ನೋಡಿ. ಶೇಂಗಾ ಹರಿಯುವಾಗ ಖಾಲಿ. ಮೆಣಸಿನಕಾಯಿ ಬಿಡಿಸುವಾಗ ಖಾಲಿ. ಉಳ್ಳಾಗಡ್ಡಿ ಕೀಳುವಾಗ ಖಾಲಿ. ಅವ್ವ ದವಾಖಾನೆಯಲ್ಲಿದ್ದಾಗ ಖಾಲಿ. ಅವನ ಹೊಲದ ಹಸಿರು ಅಲ್ಲಿ ಯಾವ ಚೌಕಕ್ಕೂ ಹತ್ತುವುದಿಲ್ಲ. ಅವನ ಹೊಲ ಎಂದೆವು, ತಪ್ಪಾಯಿತು. ಅವನು ಕೂಲಿ ಹೋಗುವ ಹೊಲ.

1991ರಲ್ಲಿ ಲಿನಕ್ಸ್ ಶುರುಮಾಡಿದ ಲಿನಸ್ ಟೊರ್ವಾಲ್ಡ್ಸ್ ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ಇಪ್ಪತ್ತೊಂದು ವರ್ಷದ ವಿದ್ಯಾರ್ಥಿ. ಹವ್ಯಾಸಕ್ಕೆ ಬರೆದದ್ದು ಲೋಕವನ್ನೇ ಆಳಿತು ಎಂದು ಈ ಕಥೆಯನ್ನು ಎಲ್ಲ ಭಾಷಣಗಳಲ್ಲೂ ಹೇಳುತ್ತಾರೆ. ಅವನ ಪ್ರತಿಭೆಯನ್ನು ನಾವು ಅಲ್ಲಗಳೆಯುವುದಿಲ್ಲ. ಆ ದೇಶದಲ್ಲಿ ವಿಶ್ವವಿದ್ಯಾಲಯದ ಓದಿಗೆ ಶುಲ್ಕವಿರಲಿಲ್ಲ ಎಂಬ ಸಾಲನ್ನು ಭಾಷಣದಲ್ಲಿ ಯಾಕೆ ಬಿಡುತ್ತಾರೆ? ಹವ್ಯಾಸ ಎಂಬುದು ಹೊಟ್ಟೆ ತುಂಬಿದ ಮೇಲಿನ ಹೊತ್ತು.

ಕಂಪ್ಯೂಟರ್ ಕುಲ ಕೇಳುವುದಿಲ್ಲ, ನಿಜ. ಪಕ್ಕದ ಕುರ್ಚಿಯಲ್ಲಿ ಕೂತವನು ಕೇಳುತ್ತಾನೆ. 2020ರ ಜೂನಿನಲ್ಲಿ ಕ್ಯಾಲಿಫೋರ್ನಿಯಾ ರಾಜ್ಯದ ಇಲಾಖೆಯೊಂದು ಸಿಸ್ಕೋ ಕಂಪನಿಯ ಮೇಲೆ ಮೊಕದ್ದಮೆ ಹೂಡಿತು. ಅಲ್ಲಿ ದುಡಿಯುವ ಒಬ್ಬ ದಲಿತ ಎಂಜಿನಿಯರನ ಜಾತಿಯನ್ನು, ಐಐಟಿಗೆ ಅವನು ಮೀಸಲಾತಿಯಿಂದ ಬಂದನೆಂಬುದನ್ನು, ಮೇಲಧಿಕಾರಿಯೇ ಜತೆಯವರಿಗೆ ಹೇಳಿದನೆಂಬುದು, ಆಮೇಲೆ ಅವನನ್ನು ಮೂಲೆಗೆ ತಳ್ಳಿದರೆಂಬುದು ಆರೋಪ. ಕಂಪನಿ ಆರೋಪವನ್ನು ಅಲ್ಲಗಳೆಯಿತು. 2023ರಲ್ಲಿ ಇಬ್ಬರು ಅಧಿಕಾರಿಗಳ ಮೇಲಿನ ದೂರನ್ನು ಇಲಾಖೆ ಕೈಬಿಟ್ಟು ಕಂಪನಿಯ ಮೇಲಿನದನ್ನು ಉಳಿಸಿಕೊಂಡಿತು. ನ್ಯಾಯ ಏನಾಯಿತು ಎಂಬುದಕ್ಕಿಂತ ನಮ್ಮನ್ನು ಕಾಡುವುದು ಬೇರೆ ಒಂದು ಸಂಗತಿ. ಕೋರ್ಟಿನ ಕಾಗದಗಳಲ್ಲಿ ಆ ಎಂಜಿನಿಯರನಿಗೆ ಹೆಸರಿಲ್ಲ. ಜಾನ್ ಡೋ ಎಂಬ ಮುಸುಕು. ಸಾವಿರಾರು ಮೈಲಿ ದಾಟಿ, ಕಲಿತು, ದುಡಿದು ಅಲ್ಲಿಗೆ ಮುಟ್ಟಿದ ಮನುಷ್ಯ ನ್ಯಾಯ ಕೇಳಬೇಕಾದರೆ ತನ್ನ ಹೆಸರನ್ನು ಬಾಗಿಲಾಚೆ ಬಿಟ್ಟು ಬರಬೇಕಾಯಿತು.

ಬಿಟ್ಟಿ ಚಾಕರಿ ನಮ್ಮ ಕೇರಿಗಷ್ಟೇ ಮೀಸಲು ಎಂದೂ ತಿಳಿಯಬೇಕಾಗಿಲ್ಲ. 2014ರ ಏಪ್ರಿಲಿನಲ್ಲಿ ಓಪನ್‌ಎಸ್‌ಎಸ್‌ಎಲ್ ಎಂಬ ಸಾಫ್ಟ್‌ವೇರಿನಲ್ಲಿ ದೊಡ್ಡದೊಂದು ಬಿರುಕು ಸಿಕ್ಕಿತು. ಹಾರ್ಟ್‌ಬ್ಲೀಡ್ ಎಂದು ಅದಕ್ಕೆ ಹೆಸರಿಟ್ಟರು. ಲೋಕದ ಬ್ಯಾಂಕುಗಳು, ದೊಡ್ಡ ದೊಡ್ಡ ಕಂಪನಿಗಳು ತಮ್ಮ ಗುಟ್ಟು ಕಾಯುವುದಕ್ಕೆ ನೆಚ್ಚಿದ್ದ ಸಾಫ್ಟ್‌ವೇರು ಅದು. ಅದನ್ನು ನೋಡಿಕೊಳ್ಳುತ್ತಿದ್ದ ಬೆರಳೆಣಿಕೆಯ ಜನರಿಗೆ ವರ್ಷಕ್ಕೆ ಬರುತ್ತಿದ್ದ ದೇಣಿಗೆ ಸುಮಾರು 2 ಸಾವಿರ ಡಾಲರ್ ಎಂಬುದು ಆಗ ಬೆಳಕಿಗೆ ಬಂತು. ಬಾವಿ ಕಟ್ಟಿಸಿಕೊಂಡವರು ಕೋಟಿ ಎಣಿಸಿದರು. ಚೀಲ ಹೊಲಿದವನು ಕಣದ ಅಂಚಿನಲ್ಲೇ ನಿಂತಿದ್ದ. ಬಂಡವಾಳಶಾಹಿ ಸಮುದಾಯ ಎಂಬ ಚೆಂದದ ಪದವನ್ನು ಯಾವುದಕ್ಕೆ ಬಳಸುತ್ತದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಇಷ್ಟು ಹೇಳಿದ ಮೇಲೆ ನಮ್ಮ ಸಂಗಾತಿಗಳಲ್ಲಿ ಕೆಲವರು, ಹಾಗಾದರೆ ಇದೆಲ್ಲ ಮೇಲ್ಜಾತಿಯವರ ಆಟ, ನಮ್ಮ ಹುಡುಗರು ಇದರ ತಂಟೆಗೆ ಹೋಗಕೂಡದು ಎನ್ನುತ್ತಾರೆ. ಇಲ್ಲಿ ನಾವು ಅವರ ಜತೆ ಜಗಳಕ್ಕೆ ನಿಲ್ಲುತ್ತೇವೆ.

ಗದಗು ಅಚ್ಚುಕೂಟಗಳ ಊರು. ಕನ್ನಡದ ಎಷ್ಟೋ ಪುಸ್ತಕ ಇಲ್ಲಿ ಅಚ್ಚಾಗಿವೆ. ಸೀಸದ ಮೊಳೆ ಒಂದೊಂದಾಗಿ ಹೆಕ್ಕಿ, ಕಣ್ಣು ಕಳಕೊಂಡು, ಒತ್ತಕ್ಷರ ಕೂಡಿಸಿದ ಕಂಪೋಜಿಟರನ ಹೆಸರು ಯಾವ ಪುಸ್ತಕದಲ್ಲಾದರೂ ನೋಡಿದ್ದೀರಾ? ಬರೆದವರ ಹೆಸರು ಮುಖಪುಟದ ಮೇಲೆ, ಪ್ರೆಸ್ಸಿನ ಹೆಸರು ಒಳಗೆ. ಕಂಪ್ಯೂಟರ್ ಬಂದ ಮೇಲೆ ಆ ಮೊಳೆಗಳು ಗುಜರಿಗೆ ಹೋದವು. ಕೆಲಸದವರೂ ಹೇಳಹೆಸರಿಲ್ಲದೆ ಹೋದರು. ಅದೇ ಕನ್ನಡವನ್ನು ಇಂಗ್ಲಿಷಿನ ಕೀಲಿಮಣೆಯ ಮೇಲೆ ಸಲೀಸಾಗಿ ಒತ್ತುವ ವಿನ್ಯಾಸ ಮಾಡಿದ ಕೆ.ಪಿ. ರಾವ್ ಅದಕ್ಕೆ ಬೆಲೆ ಕೇಳಲಿಲ್ಲ. ಸರ್ಕಾರ ಅದನ್ನೇ ಒಪ್ಪಿತು. ನುಡಿಯಲ್ಲಿ ಟೈಪು ಮಾಡುವ ಪ್ರತಿ ಗುಮಾಸ್ತ, ಪ್ರತಿ ಮಾಸ್ತರ, ಈ ಪತ್ರಿಕೆಗೆ ಕವಿತೆ ಕಳಿಸುವ ಪ್ರತಿ ಹುಡುಗಿ ಅವರ ಋಣದಲ್ಲಿದ್ದಾರೆ. 2013ರಲ್ಲಿ ಹಂಪಿಯ ಕನ್ನಡ ವಿಶ್ವವಿದ್ಯಾಲಯ ಅವರಿಗೆ ನಾಡೋಜ ಗೌರವ ಕೊಟ್ಟಿತು. ಪುಕ್ಕಟೆ ಕೊಟ್ಟ ಕೆಲಸಕ್ಕೆ ಮನ್ನಣೆ ಬಂದ ಉದಾಹರಣೆ ಇಲ್ಲವೆಂದು ನಾವು ಹೇಳಿದರೆ ಸುಳ್ಳಾಡಿದಂತೆ. ಒಂದು ಮಾತು ಮಾತ್ರ ನೆನಪಿರಲಿ: ಅವರ ಹೆಸರು ಆ ಕೆಲಸಕ್ಕೆ ಅಂಟಿಕೊಂಡಿತ್ತು. ಮೊಳೆ ಜೋಡಿಸಿದವನ ಹೆಸರು ಎಲ್ಲಿಯೂ ಅಂಟಿರಲಿಲ್ಲ.

ಹೆಸರು ಅಂಟುವುದು. ನಮ್ಮ ಜಗಳ ಇರುವುದು ಇಲ್ಲಿ. ಮತ್ತೆ ಆ ವಿಶ್ವಕೋಶಕ್ಕೆ ಬನ್ನಿ. ಪ್ರತಿ ಲೇಖನದ ಹಿಂದೆ ಇತಿಹಾಸ ಎಂಬ ಒಂದು ಪುಟ ಇದೆ. ಯಾರು, ಯಾವ ದಿನ, ಎಷ್ಟು ಗಂಟೆ ಎಷ್ಟು ನಿಮಿಷಕ್ಕೆ ಯಾವ ಅಕ್ಷರ ಸೇರಿಸಿದರು, ಯಾರು ಅಳಿಸಿದರು, ಎಲ್ಲ ಅಲ್ಲಿ ದಾಖಲು. ಒಂದು ಅಲ್ಪವಿರಾಮ ಸರಿಮಾಡಿದವನಿಗೂ ಅಲ್ಲಿ ಒಂದು ಸಾಲು. ಪ್ರೋಗ್ರಾಂ ಬರೆಯುವವರ ತಾಣದಲ್ಲೂ ಹಾಗೇ. ಗೌಡನ ಮನೆ ಕಟ್ಟಿದಾಗ ಕಲ್ಲು ಹೊತ್ತವರ ಸಾಲು ಎಲ್ಲಿದೆ? ನಮ್ಮ ಅಜ್ಜಂದಿರ ಹೆಸರು ಬರೆದಿಟ್ಟ ವಹಿ ಊರಲ್ಲಿ ಒಂದೇ ಇತ್ತು, ಸಾಲದ ವಹಿ. ಹೆಬ್ಬೆಟ್ಟು ಒತ್ತಿಸಿಕೊಂಡು ಮೂರು ತಲೆಮಾರು ಜೀತಕ್ಕೆ ಇಟ್ಟ ವಹಿ. 1976ರಲ್ಲಿ ಜೀತ ರದ್ದಾಯಿತೆಂದು ಕಾನೂನು ಬಂದ ಮೇಲೂ ಎಷ್ಟೋ ವರ್ಷ ಉಸಿರಾಡಿದ ವಹಿ. ಇಂಥ ಜನಕ್ಕೆ, ಮಾಡಿದ ಕೆಲಸದ ಎದುರಿಗೆ ಮಾಡಿದವನ ಹೆಸರನ್ನು ತಾನಾಗಿ ಬರೆದಿಡುವ ಒಂದು ವಹಿ ಸಿಕ್ಕಿದೆ. ಇದನ್ನು ಮೇಲ್ಜಾತಿಯ ಆಟವೆಂದು ಬಿಟ್ಟು ಎದ್ದುಬರುವುದು ನಮಗೆ ಒಪ್ಪಿಗೆಯಿಲ್ಲ.

ಹನ್ನೆರಡನೆಯ ಶತಮಾನದವರಿಗೆ ಇದು ತಿಳಿದಿತ್ತು. ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ, ನುಲಿಯ ಚಂದಯ್ಯ, ಇವರ ಹೆಸರಿನ ಮುಂದೆ ಕಸುಬು ಕೂತಿದೆ. ಚೆನ್ನಯ್ಯನ ಅಂಕಿತದೊಳಗೇ ಅವನ ಉಳಿ, ಕತ್ತಿ, ಅಡಿಗೂಂಟ ಇವೆ. ತನ್ನ ದೇವರನ್ನು ಕರೆಯುವಾಗಲೂ ಕೈಯಲ್ಲಿದ್ದ ಹತ್ಯಾರವನ್ನು ಆತ ಕೆಳಗಿಡಲಿಲ್ಲ. ರುಜು ಎಂದರೆ ಅದು. ನಮ್ಮ ವಿಮರ್ಶಕರು ಆ ಅಂಕಿತದಲ್ಲಿ ಅಧ್ಯಾತ್ಮ ಹುಡುಕಿ ದಣಿದಿದ್ದಾರೆ. ಅಡಿಗೂಂಟ ಹೇಗಿರುತ್ತದೆ ಎಂದು ನೋಡಲು ಒಂದು ದಿನ ನಮ್ಮ ಕೇರಿಗೆ ಬಂದಿದ್ದರೆ ಚೆನ್ನಾಗಿತ್ತು.

ಹಾಗೆಂದು ಆ ವಹಿಯಲ್ಲೂ ಎಲ್ಲ ನ್ಯಾಯವೇ ಎಂದಲ್ಲ. ವಿಕಿಪೀಡಿಯದಲ್ಲಿ ಒಂದು ವಿಷಯ ನಿಲ್ಲಬೇಕಾದರೆ ಅಚ್ಚಾದ ಆಧಾರ ಬೇಕು. ಪುಸ್ತಕ, ಪತ್ರಿಕೆ. 2018ರಲ್ಲಿ ಡೋನಾ ಸ್ಟ್ರಿಕ್‌ಲೆಂಡ್ ಎಂಬ ಕೆನಡಾದ ವಿಜ್ಞಾನಿಯ ಬಗ್ಗೆ ಬರೆದ ಲೇಖನವನ್ನು ಇಂಗ್ಲಿಷ್ ವಿಕಿಪೀಡಿಯದಲ್ಲಿ ಆಧಾರ ಸಾಲದೆಂದು ಹಿಂದಕ್ಕೆ ಕಳಿಸಿದ್ದರು. ಅದೇ ವರ್ಷದ ಅಕ್ಟೋಬರಿನಲ್ಲಿ ಆಕೆಗೆ ಭೌತಶಾಸ್ತ್ರದ ನೊಬೆಲ್ ಬಂತು. ಪ್ರಯೋಗಾಲಯದಲ್ಲಿ ಕೂತ ಬಿಳಿಯ ಹೆಣ್ಣುಮಗಳ ಗತಿಯೇ ಇದಾದರೆ, ಮುಂಡರಗಿ ಶಿರಹಟ್ಟಿ ಕಡೆಯ ಹಲಗಿ ಬಾರಿಸುವವನ ಬಗ್ಗೆ ಯಾವ ಪತ್ರಿಕೆ ಬರೆದಿತ್ತು ಎಂದು ಆಧಾರ ಕೊಡೋಣ? ಸುಳ್ಳು ಬರೆಯುವವರನ್ನು ತಡೆಯಲು ಈ ನಿಯಮ ಬೇಕು, ಒಪ್ಪುತ್ತೇವೆ. ಆದರೆ ಅಚ್ಚಿನ ಲೋಕ ಯಾರನ್ನು ಹೊರಗಿಟ್ಟಿತೋ ಅವರನ್ನು ಇದೂ ಹೊರಗೇ ಇಡುತ್ತದೆ. ಅಚ್ಚಾಗಿದ್ದೆವಲ್ಲ ಒಂದು ಕಾಲಕ್ಕೆ! 'ಪಂಚಮ', 'ಶೂದ್ರ' ಪತ್ರಿಕೆಗಳಲ್ಲಿ, ಚಳವಳಿಯ ಕರಪತ್ರಗಳಲ್ಲಿ, ಸೈಕ್ಲೋಸ್ಟೈಲ್ ಹಾಳೆಗಳಲ್ಲಿ. ಅವು ಎಲ್ಲಿವೆ ಈಗ? ಯಾರದೋ ಅಟ್ಟದ ಮೇಲೆ ಗೆದ್ದಲಿಗೆ. ಗ್ರಾಮೀಣ ಶಾಲೆಯ ಮಾಸ್ತರರಿಗೆ ನಾವು ಕೈಮುಗಿದು ಕೇಳುವುದು ಇದನ್ನೇ: ನಿಮ್ಮ ಟ್ರಂಕಿನಲ್ಲಿ ಒಂದು ಹಳೆ ಸಂಚಿಕೆ ಇದ್ದರೂ ಅದರ ಪ್ರತಿ ಪುಟದ ಫೋಟೋ ತೆಗೆದಿಡಿ. ಈ ಕಾಲದ ಆಧಾರ ಅದು.

ಇನ್ನು ದುಡ್ಡಿನ ಮಾತು. ನಮ್ಮವರಿಗೆ ಇದನ್ನು ಆಡಲು ನಾಚಿಕೆ. ಆಡಲೇಬೇಕು. ಪುಕ್ಕಟೆಯಲ್ಲದ ದಾರಿಗಳೂ ಇವೆ ಎಂಬುದನ್ನು ಶಾಲು ಹೊದಿಸಿಕೊಂಡವರು ಹೇಳಿ ಹೋಗುವುದಿಲ್ಲ. ಔಟ್ರೀಚಿ ಎಂಬ ಕಾರ್ಯಕ್ರಮವಿದೆ. ಮೂರು ತಿಂಗಳು ಇಂಥ ಸಮುದಾಯದ ಕೆಲಸ ಮಾಡಿದವರಿಗೆ 7 ಸಾವಿರ ಡಾಲರ್ ಕೊಡುತ್ತದೆ. ನಿನ್ನ ದೇಶದಲ್ಲಿ ನೀನು ಯಾವ ತಾರತಮ್ಯ ಉಂಡಿದ್ದೀ ಎಂದು ಅರ್ಜಿಯಲ್ಲೇ ಕೇಳುತ್ತದೆ. ನಮ್ಮ ಹುಡುಗಿಯರು ಆ ಪ್ರಶ್ನೆಗೆ ಉತ್ತರ ಬರೆಯಲು ಹಾಳೆ ಸಾಲದು. (ಅಲ್ಲಿಯೂ ಆಯ್ಕೆಗೆ ಮುಂಚಿನ ಸುಮಾರು ಒಂದು ತಿಂಗಳ ಕೆಲಸ ಪುಕ್ಕಟೆಯೇ. ಇಂಗ್ಲಿಷೂ ಬೇಕು.) ಬೆಂಗಳೂರಿನ 'ಕಾರ್ಯ' ಎಂಬ ಸಂಸ್ಥೆಯ ಬಗ್ಗೆ 2023ರಲ್ಲಿ ಟೈಮ್ ಪತ್ರಿಕೆ ಬರೆಯಿತು. ಕರ್ನಾಟಕದ ಹಳ್ಳಿಗಳ ಹೆಂಗಸರು ಮೊಬೈಲಿನಲ್ಲಿ ಕನ್ನಡ ವಾಕ್ಯ ಓದಿ ಯಂತ್ರಕ್ಕೆ ಕಲಿಸುತ್ತಾರೆ. ತಾಸಿಗೆ ಸುಮಾರು 5 ಡಾಲರ್ ಕೂಲಿ. ಆ ದನಿ ಮತ್ತೆ ಮಾರಾಟವಾದರೆ ಅದರ ಹಣವೂ ದನಿ ಕೊಟ್ಟವರಿಗೆ ಸಲ್ಲಬೇಕೆಂಬುದು ಆ ಸಂಸ್ಥೆಯ ಮಾತು. ಒಂದು ಕಡೆ ದಾನ ಎನ್ನುವ ಸರ್ಕಾರ, ಇನ್ನೊಂದು ಕಡೆ ಅದೇ ಕೆಲಸಕ್ಕೆ ಕೂಲಿ ಎನ್ನುವ ಸಂಸ್ಥೆ. ಅಲ್ಲಿ ಕೂಲಿ ಉಂಟು, ಹೆಸರು ಮಾತ್ರ ಇಲ್ಲ. ಯಂತ್ರ ಮಾತಾಡುವಾಗ ಯಾರ ಗಂಟಲಿನದೆಂದು ಯಾರಿಗೂ ತಿಳಿಯುವುದಿಲ್ಲ. ಆದರೂ ಕಂಚಿನ ಗುರುತಿಗಿಂತ ಇದು ನಮಗೆ ಹತ್ತಿರ.

ಈ ಸೀಮೆಗೆ ಹೀಗೆ ಕೂಡಿ ಕಟ್ಟುವುದು ಹೊಸದೇನಲ್ಲ. ನಮ್ಮ ಗದಗ ತಾಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ದೇಶದ ಮೊದಲ ಕೃಷಿ ಸಹಕಾರ ಸಂಘ ಕಟ್ಟಿದರು. ಸಹಕಾರ ಸಂಘದಲ್ಲಿ ಕೊಡುಗೆ ಎಂಬ ತೇಲುಮಾತು ಇಲ್ಲ. ಷೇರು ಇದೆ. ಷೇರಿಗೆ ರಸೀದಿ, ಹೆಸರಿಗೆ ವಹಿ, ಲಾಭಕ್ಕೆ ಪಾಲು, ಒಬ್ಬರಿಗೆ ಒಂದು ಮತ. ಹೊಲವೇ ಇಲ್ಲದ ನಮ್ಮಂಥವರಿಗೆ ಕೃಷಿ ಸಾಲದ ಸಂಘ ಏನು ಕೊಟ್ಟೀತು ಎಂಬ ಪ್ರಶ್ನೆ ಅವತ್ತೂ ಇತ್ತು, ಇವತ್ತೂ ಇದೆ. ಆದರೆ ತಂತ್ರಜ್ಞಾನದಲ್ಲಿ ಹೊಲ ಬೇಕಾಗಿಲ್ಲವಲ್ಲ. ನಾಲ್ಕು ಕೇರಿಯ ಹುಡುಗರು ಕೂಡಿ ತಮ್ಮ ಮಾತು, ತಮ್ಮ ಕಸುಬು, ತಮ್ಮ ದನಿಯ ಸಂಘ ಕಟ್ಟಿ, ಇದು ಬೇಕಾದವರು ನಮ್ಮ ಷರತ್ತಿಗೆ ಬನ್ನಿ ಎಂದು ಯಾಕೆ ಹೇಳಬಾರದು?

ಹುಡುಗ ಈಗ ಒಂದು ಕೆಲಸಕ್ಕೆ ಕೈ ಹಾಕಿದ್ದಾನೆ. ಹಗಲು ಕೂಲಿ, ರಾತ್ರಿ ಇದು. ಕಪಲಿಯ ಚೀಲ ಹೊಲಿಯುವುದರ, ತೊಗಲು ಹದ ಮಾಡುವುದರ ಮಾತುಗಳನ್ನು ಅಜ್ಜಿಯ ಬಾಯಿಂದ ಕೇಳಿ ಬರೆದುಕೊಳ್ಳುತ್ತಿದ್ದಾನೆ. ಅರ್ಧದಷ್ಟು ಮಾತು ನಾವೂ ಕೇಳಿದವಲ್ಲ, ನಿಘಂಟಿನಲ್ಲೂ ಸಿಕ್ಕಿಲ್ಲ. ಎಲ್ಲಿ ಅಚ್ಚು ಹಾಕಿಸುವುದು, ಯಾವ ತಾಣಕ್ಕೆ ಸೇರಿಸುವುದು, ಯಾರ ಹತ್ತಿರ ದುಡ್ಡು ಕೇಳುವುದು ಎಂದು ಇನ್ನೂ ತಂಟೆ ನಡೆದಿದೆ. ಒಂದು ಮಾತ್ರ ಗೊತ್ತುಮಾಡಿದ್ದೇವೆ. ಪ್ರತಿ ಪದದ ಎದುರಿಗೆ 'ಹೇಳಿದವರು' ಎಂದು ಬರೆದು ಅಜ್ಜಿಯ ಹೆಸರು, 'ಬರೆದುಕೊಂಡವರು' ಎಂದು ಬರೆದು ಅವನ ಹೆಸರು.

ಮೊನ್ನೆ ಅಜ್ಜಿಗೆ ಇದು ಗೊತ್ತಾಯಿತು. ಹೊಲಿಯುತ್ತಿದ್ದ ಕೌದಿಯನ್ನು ಬದಿಗೆ ಸರಿಸಿ ನೋಟುಬುಕ್ಕು ಕಸಿದುಕೊಂಡಳು. ಓದಲು ಬಾರದು. ಪುಟ ತಿರುವಿ ತಿರುವಿ ಹಾಕಿದಳು.

"ನನ್ನ ಹೆಸರ ಯಾಕ ಬರದೀಯಪಾ ಇಷ್ಟೊಂದ ಕಡೆ? ಯಾರ ಹತ್ರ ಎಷ್ಟ ಸಾಲಾ ಮಾಡೀದಿ?"